ಒಣಗಿಯೇ ಇದ್ದ ಮೆಟ್ಟಿಲು

ಅವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಹಲ್ಲೇನೂ ಉಬ್ಬಿರಲಿಲ್ಲ. ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆ, ಐದು ಮೇಜು, ಐದು ದೀಪ. ಹಲ್ಲಿನ ಡಾಕ್ಟರುಗಳು ಕಳಿಸಿದ ಬಾಯಚ್ಚಿಗೆ ಪ್ಲಾಸ್ಟರ್ ಸುರಿದು, ಅದರ ಮೇಲೆ ಮೇಣ ಕರಗಿಸಿ ಒಸಡು ತಿದ್ದಿ, ಒಂದೊಂದೇ ಹಲ್ಲು ನಿಲ್ಲಿಸಬೇಕು. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಬೀದಿಯಲ್ಲಿ ಯಾರಾದರೂ ಮುದುಕರು ಬಾಯ್ತುಂಬ ನಕ್ಕರೆ, "ಇದು ನಂದೇ ಇರ್ಬೇಕು ನೋಡಿ" ಎಂದು ಗಂಡನ ಪಕ್ಕೆಗೆ ತಿವಿಯುತ್ತಿದ್ದಳು.

ದಿನವಿಡೀ ಒಂದು ಗೇಣು ದೂರದಲ್ಲಿ ಕಣ್ಣು ನೆಟ್ಟು ಕೂತರೆ ಏನಾಗಬೇಕೋ ಅದೇ ಆಯಿತು. ಮೂವತ್ತಾರನೆಯ ವಯಸ್ಸಿಗೆ ಕತ್ತು ಮರದ ಕೊರಡಿನಂತಾಯಿತು. ಆಗ ಪಕ್ಕದ ಬೀದಿಯ ಗೆಳತಿಯೊಬ್ಬಳು ಗುಡ್ಡ ಹತ್ತುವ ತನ್ನ ಹಳೆಯ ಮೌಂಟನ್ ಬೈಕ್ ಸೈಕಲ್ಲು ಕೊಟ್ಟು, ನೀರಿನ ಟ್ಯಾಂಕಿನ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದಳು. ಮೊದಲ ದಿನ ಏರುವಾಗ ವಾಂತಿಯಾಯಿತು. ಇಳಿಯುವಾಗ ಮಾತ್ರ, ಮರಗಳ ನಡುವೆ ಬೇರು ಕಲ್ಲು ದಾಟಿಕೊಂಡು ಬರುವಾಗ, ಅವಳು ಜೋರಾಗಿ ಕೂಗಿದ್ದಳಂತೆ. ಏನು ಕೂಗಿದಳೋ ಅವಳಿಗೇ ನೆನಪಿಲ್ಲ. ಅಂದಿನಿಂದ ಗುಡ್ಡ ಅವಳನ್ನು ಬಿಡಲಿಲ್ಲ.

ಆದರೆ ಬಿಡುವು ಸಿಗಬೇಕಲ್ಲ. ಗಂಡ ಸಿಟಿ ಬಸ್ಸಿನ ಡ್ರೈವರ್. ಒಂದು ವಾರ ನಸುಕಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮಗಳಿಗೆ ಹನ್ನೊಂದು ವರ್ಷ. ಅವಳ ಶಾಲೆ, ಇವನ ಪಾಳಿ, ತನ್ನ ಮೇಜು, ಈ ಮೂರರ ಸಂದಿಯಲ್ಲಿ ಎಲ್ಲಾದರೂ ಒಂದು ಗಂಟೆ ಕದ್ದರೆ ಅದು ಸೈಕಲ್ಲಿಗೆ. ಹೋದ ವರ್ಷ ಇದೇ ಎಲೆ ಉದುರುವ ಕಾಲದಲ್ಲಿ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಳು. ಏಳು ವಾರ ಗಂಡನೇ ಅಡುಗೆ, ಗಂಡನೇ ಬಟ್ಟೆ. ಮಗಳ ಜಡೆಯನ್ನು ಅವನು ಹಗ್ಗ ಹೊಸೆದ ಹಾಗೆ ಹೊಸೆದು ಶಾಲೆಗೆ ಕಳಿಸಿದ್ದ. ಅಷ್ಟೆಲ್ಲ ಆದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ಬೇಡ ಅನ್ನಲ್ಲ. ಒಬ್ಳೇ ಮಾತ್ರ ಹೋಗ್ಬೇಡ. ಹೋಗೋದಾದ್ರೆ ನನಗೆ ಹೇಳಿ ಹೋಗು."

"ಆಯ್ತು ರೀ" ಅಂದಿದ್ದಳು. ಆಗ ಮನಸ್ಸಿಟ್ಟೇ ಅಂದಿದ್ದಳು.

ಈ ವರ್ಷ ಗೆಳತಿ ಬೇರೆ ಊರಿಗೆ ಹೋದಳು. ಜೊತೆಗೆ ಬರುವವರು ಯಾರೂ ಇಲ್ಲ. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಕತ್ತಲು. ಭಾನುವಾರ ಎಂದರೆ ಮನೆಯ ಇಡೀ ವಾರದ ಕೆಲಸ. ಹೀಗೆ ಏಳು ವಾರ ಸೈಕಲ್ಲು ಮೆಟ್ಟಿಲ ಕೆಳಗೆ ನಿಂತೇ ಇತ್ತು. ಗುಡ್ಡದ ಮರಗಳು ಬೋಳಾಗುತ್ತ ಬಂದವು. ಇನ್ನು ಹತ್ತು ಹದಿನೈದು ದಿನಕ್ಕೆ ಹಿಮ ಬಿದ್ದು ದಾರಿಯೇ ಮುಚ್ಚಿಹೋಗುತ್ತದೆ ಎಂದು ಬಸ್ಸಿನ ಕಿಟಕಿಯಿಂದ ನೋಡುತ್ತ ಲೆಕ್ಕ ಹಾಕುತ್ತಿದ್ದಳು.

ಒಂದು ಬುಧವಾರ ಗಂಡ ನಸುಕಿನ ಪಾಳಿಗೆ ಹೋದ ಮೇಲೆ, ಆಕಾಶ ಬೂದು ಬಣ್ಣಕ್ಕೆ ತಿರುಗುತ್ತಿದ್ದಂತೆ, ಮಗಳ ಹೊದಿಕೆ ಸರಿಮಾಡಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಳು. ಏಳೂಕಾಲಿಗೆ ವಾಪಸ್. ಮಗಳು ಏಳುವುದು ಏಳೂವರೆಗೆ. ಯಾರಿಗೂ ಏನೂ ತೊಂದರೆಯಿಲ್ಲ.

ಹತ್ತುವಾಗ ಚೆನ್ನಾಗಿತ್ತು. ಇಳಿಯುವಾಗ ಎರಡನೆಯ ತಿರುವಿನಲ್ಲಿ ಒದ್ದೆ ಎಲೆಗಳ ಅಡಿಯಲ್ಲಿ ಒಂದು ಬೇರು ಇತ್ತು. ಮುಂದಿನ ಚಕ್ರ ಜಾರಿದ್ದೇ ತಡ, ಬಲಗೈ ಊರಿ ಬಿದ್ದಳು. ಎದ್ದು ಮೊದಲು ನೋಡಿದ್ದು ಗಡಿಯಾರ. ಏಳಕ್ಕೆ ಹತ್ತು ನಿಮಿಷ. ಕೈಯಲ್ಲಿ ಹೆಬ್ಬೆರಳ ಬುಡಕ್ಕೆ ಯಾರೋ ಮೊಳೆ ಹೊಡೆದಂತಿತ್ತು. ಎಡಗೈಯಲ್ಲೇ ಹಿಡಿಕೆ ಹಿಡಿದು ಸೈಕಲ್ ತಳ್ಳಿಕೊಂಡು, ಓಡಿಕೊಂಡು ಬಂದಳು.

ಮಗಳು ಎದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

"ಎಲ್ಲಿಗೆ ಹೋಗಿದ್ದೆ ಅಮ್ಮ?"

"ಹಾಲಿಗೆ ಕಣೇ. ಅಂಗಡಿ ಇನ್ನೂ ತೆಗೆದಿಲ್ಲ."

ಮಗಳು ಸ್ಟೂಲಿನಿಂದ ಇಳಿದು ಬಾಚಣಿಗೆ ಎತ್ತಿಕೊಂಡಳು. ಆ ದಿನ ತಾನೇ ತಲೆ ಬಾಚಿಕೊಂಡಳು.

ಕೆಲಸಕ್ಕೆ ಹೋಗಿ ಮೇಣದ ಚಾಕು ಹಿಡಿದರೆ ಅದು ಬೆರಳಿಗೆ ನಿಲ್ಲಲೇ ಇಲ್ಲ. ನೋವು ತಡೆಯಲಾಗದೆ ಒಂಬತ್ತೂವರೆಗೆ ಎದ್ದು, ಔಷಧಿ ಅಂಗಡಿಗೆ ಹೋಗಿ ಬರೋಣವೆಂದು ಹೊರಟವಳಿಗೆ ಮೆಟ್ಟಿಲ ಅರ್ಧದಲ್ಲಿ ಕಣ್ಣು ಕತ್ತಲಿಟ್ಟಿತು. ಅಲ್ಲೇ ಕೂತುಬಿಟ್ಟಳು. ಅದೇ ಹೊತ್ತಿಗೆ ಅವಳ ಕೆಲಸದ ಜಾಗದ ಯಜಮಾನರು ಕೆಳಗಿನಿಂದ ಹತ್ತಿ ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ತನ್ನ ಕೈಕೆಳಗಿನವರ ಮೇಲೆ ಜೀವ.

"ಅಯ್ಯೋ, ಬಿದ್ರಾ?"

ಅವಳು ತಲೆಯೆತ್ತಿ ನೋಡಿದಳು. "ಹೂಂ" ಅಂದಳು.

"ಮೆಟ್ಟಿಲು ಒದ್ದೆ ಇತ್ತಾ?"

"ಸ್ವಲ್ಪ."

ಅಷ್ಟೇ, ಎರಡು ಮಾತು. ಯೋಚಿಸಿ ಆಡಿದ್ದಲ್ಲ. ಬಾಯಿಗೆ ಬಂತು, ಆಡಿದಳು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಇಡೀ ದಿನ ಅವಕಾಶವಿತ್ತು; ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೆಬ್ಬೆರಳ ಬುಡದಲ್ಲಿ ಗೋಡಂಬಿಯಷ್ಟು ಗಾತ್ರದ ಒಂದು ಮೂಳೆ ಬಿರುಕು ಬಿಟ್ಟಿತ್ತು. ಚಿಕ್ಕ ಮೂಳೆ, ಆದರೆ ಕೂಡಿಕೊಳ್ಳುವುದು ನಿಧಾನ. ಹತ್ತು ವಾರ ಆದರೂ ಆಗಬಹುದು ಎಂದಳು ಡಾಕ್ಟರಮ್ಮ. ಮೊಣಕೈಯ ತರಚು ಗಾಯ ತೊಳೆಯುವಾಗ ಚಿಮುಟದಲ್ಲಿ ಏನನ್ನೋ ಹಿಡಿದು ದೀಪಕ್ಕೆ ತೋರಿಸಿದಳು. ಮರದ ತೊಗಟೆಯ ಚೂರು.

"ನಿಮ್ಮ ಆಫೀಸಿನ ಮೆಟ್ಟಿಲ ಮೇಲೆ ಮರ ಬೆಳೆದಿದ್ಯಾ?"

ಹಲ್ಲಕ್ಕ ತೋಳನ್ನು ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಡಾಕ್ಟರಮ್ಮ ಮತ್ತೇನೂ ಕೇಳದೆ ಚೂರನ್ನು ತಟ್ಟೆಗೆ ಹಾಕಿ, ಕೈಗೆ ಪ್ಲಾಸ್ಟರ್ ಹಾಕಿದಳು.

ಮನೆಯಲ್ಲಿ ಗಂಡ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನು ಸಿಟ್ಟಾದದ್ದು ಯಜಮಾನರ ಮೇಲೆ. "ಹತ್ತು ಜನ ಓಡಾಡೋ ಮೆಟ್ಟಿಲು, ಹೀಗಾ ಇಟ್ಕೊಳ್ಳೋದು? ನಾನೇ ಹೋಗಿ ಎರಡು ಮಾತು ಕೇಳ್ತೀನಿ" ಎಂದು ಹಾರಾಡಿದ. ಆಮೇಲೆ ಅವಳ ಪಕ್ಕ ಕೂತು, ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿ ಸವರಿ, "ಈ ಸಲ ನಿನ್ ತಪ್ಪೇನಿಲ್ವಲ್ಲ, ಯಾಕೆ ಮುಖ ಹಾಗ್ ಮಾಡ್ಕೊಂಡಿದೀಯ?" ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಲಸದ ಜಾಗದಲ್ಲಿ ಆದ ಪೆಟ್ಟು ಎಂದು ಯಜಮಾನರು ತಾವೇ ರಜೆಯ ಅರ್ಜಿ ಬರೆದು ಕಳಿಸಿದ್ದರು. ಎಡಗೈಯಲ್ಲಿ ಸಹಿ ಮಾಡಿದಳು. ಸಹಿ ಬೇರೆ ಯಾರದ್ದೋ ಎಂಬಂತೆ ಬಂತು.

ಐದನೆಯ ದಿನ ಪಕ್ಕದ ಮೇಜಿನವಳು ಫೋನ್ ಮಾಡಿದಳು. ಯಾವ ಡಾಕ್ಟರು ಯಾವ ಸೆಟ್ಟು ವಾಪಸ್ ಕಳಿಸಿದರು, ಯಾರ ಬಾಯಿಗೆ ಏನು ಕೂರಲಿಲ್ಲ ಎಂದೆಲ್ಲ ಹೇಳಿ ನಗಿಸಿ, ಕೊನೆಗೆ ಅಂದಳು: "ಅಂದ ಹಾಗೆ, ದೊಡ್ಡಮ್ಮನ್ನ ಬಿಡಿಸ್ಬಿಟ್ರು ಕಣೇ."

ದೊಡ್ಡಮ್ಮ ಎಂದರೆ ದಿನಾ ಬೆಳಗ್ಗೆ ಎಂಟೂವರೆಗೆ ಬಂದು ಕೋಣೆ, ಮೆಟ್ಟಿಲು ಒರೆಸಿ ಹೋಗುವ ಹೆಂಗಸು. ಎಲ್ಲರಿಗಿಂತ ಹಿರಿಯಳು, ಅದಕ್ಕೇ ಎಲ್ಲರಿಗೂ ದೊಡ್ಡಮ್ಮ.

"ಯಾಕೆ?" ಎಂದಳು ಹಲ್ಲಕ್ಕ.

"ಯಾಕೆ ಅಂದ್ರೆ? ನಿನ್ನ ಕೈ ಮುರಿದದ್ದು ಯಾರಿಂದ? ಅವಳು ಒಪ್ಪಲೇ ಇಲ್ವಂತೆ. ಮೆಟ್ಟಿಲು ಒಣಗಿತ್ತು ಯಜಮಾನ್ರೇ, ನಾನೇ ಕೈಯಿಟ್ಟು ನೋಡಿ ಹೋದೆ ಅಂದ್ಲಂತೆ. ತಪ್ಪೂ ಮಾಡಿ ವಾದ ಬೇರೆ ಅಂತ ಅವರಿಗೆ ಪಿತ್ತ ನೆತ್ತಿಗೇರ್ತು."

ಫೋನ್ ಇಟ್ಟ ಮೇಲೆ ಎರಡು ದಿನ ಅವಳು ಊಟದ ಮುಂದೆ ಕೂತು ಏಳುತ್ತಿದ್ದಳು. ದೊಡ್ಡಮ್ಮನಿಗೆ ಬೇರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಒಂದು ಗಂಟೆ ಸಮಾಧಾನ. ಈ ವಯಸ್ಸಿಗೆ ಯಾರು ಕೊಡುತ್ತಾರೆ ಎಂದು ಮುಂದಿನ ಗಂಟೆ ಸಂಕಟ. ಸುಮ್ಮನೆ ಹೋಗಿ ನೋಡಿಕೊಂಡು ಬರೋಣ, ನಾನೇ ಯಜಮಾನರ ಹತ್ತಿರ ಒಂದು ಮಾತು ಹೇಳಿ ಸೇರಿಸುತ್ತೇನೆ ಅಂದರಾಯಿತು, ನಿಜ ಹೇಳುವುದೇನೂ ಬೇಡ. ಹೀಗೆ ತೀರ್ಮಾನಿಸಿಕೊಂಡು ಮೂರನೆಯ ದಿನ ಮಧ್ಯಾಹ್ನ ಹೊರಟಳು.

ದೊಡ್ಡಮ್ಮನ ಮನೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ನೆಲಮಹಡಿಯ ಎರಡು ಕೋಣೆ. ಬಾಗಿಲು ತೆರೆದು ಹಲ್ಲಕ್ಕನನ್ನೂ ಅವಳ ಕೈಯನ್ನೂ ನೋಡಿದ್ದೇ, ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು.

"ಬಾಮ್ಮ, ಕೂತ್ಕೊ. ನಾನೇ ನಿಮ್ಮನೆಗೆ ಬರ್ಬೇಕಿತ್ತು. ಮುಖ ತೋರ್ಸೋಕೆ ಧೈರ್ಯ ಬರ್ಲಿಲ್ಲ."

ಮೇಜಿನ ಮೇಲೆ ಶಾಲೆಯ ಮಕ್ಕಳು ಬರೆಯುವಂಥ ಒಂದು ನೋಟ್‌ಬುಕ್ ತೆರೆದಿತ್ತು. ದೊಡ್ಡ ದೊಡ್ಡ ಅಕ್ಷರದಲ್ಲಿ ಸಾಲುಗಳು: ಗ್ಯಾಸ್ ಆರಿಸಿದೆ. ಕಿಟಕಿ ಮುಚ್ಚಿದೆ. ಬೀಗ ಹಾಕಿ ಎಳೆದು ನೋಡಿದೆ.

"ನನ್ನಕ್ಕನಿಗೆ ಹೀಗೇ ಶುರುವಾಗಿದ್ದು" ಎಂದಳು ದೊಡ್ಡಮ್ಮ, ಅವಳ ನೋಟ ಹಿಂಬಾಲಿಸಿ. "ಮಾಡಿದ್ದು ಮಾಡಿಲ್ಲ ಅಂತಿದ್ಲು, ಮಾಡದೇ ಇದ್ದದ್ದು ಮಾಡ್ದೆ ಅಂತ ಜಗಳಕ್ಕೇ ನಿಲ್ತಿದ್ಲು. ಕೊನೆಗೆ ನನ್ನ ಗುರುತೂ ಹತ್ಲಿಲ್ಲ. ನಾನೂ ಅವತ್ತು ಯಜಮಾನ್ರ ಹತ್ರ ಎಷ್ಟು ವಾದ ಮಾಡ್ದೆ ಗೊತ್ತಾ? ಮೆಟ್ಟಿಲಿಗೆ ಕೈಯಿಟ್ಟು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನೀನು ಸುಳ್ಳು ಹೇಳೋಳಲ್ಲ. ಅಂದ್ಮೇಲೆ ನನ್ನ ತಲೆಯೇ ಕೆಟ್ಟಿರ್ಬೇಕು, ಅಲ್ವಾ?"

ಮನೆಯಿಂದ ಹೊರಡುವಾಗ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಹಲ್ಲಕ್ಕ ಅಲ್ಲೇ ಬಿಟ್ಟುಬಿಟ್ಟಳು.

"ದೊಡ್ಡಮ್ಮ, ಮೆಟ್ಟಿಲು ಒಣಗಿತ್ತು."

"ಏನಂದೆ?"

"ಒಣಗೇ ಇತ್ತು. ನಾನು ಅಲ್ಲಿ ಬೀಳ್ಲಿಲ್ಲ. ಬೆಳಗ್ಗೆ ಗುಡ್ಡದಲ್ಲಿ ಸೈಕಲ್ಲಿಂದ ಬಿದ್ದೆ. ಮನೇಲಿ ಗೊತ್ತಾದ್ರೆ ಕಷ್ಟ ಅಂತ… ಅವರು ಕೇಳಿದ್ರು, ನಾನು ಹೂಂ ಅಂದ್ಬಿಟ್ಟೆ."

ದೊಡ್ಡಮ್ಮ ಕುರ್ಚಿಯ ಬೆನ್ನು ಹಿಡಿದು ನಿಧಾನಕ್ಕೆ ಕೂತಳು. ಆಮೇಲೆ ಅವಳು ಮುಖವನ್ನು ಎರಡೂ ಕೈಯಲ್ಲಿ ಉಜ್ಜಿಕೊಂಡು, "ಹಾಗಾದ್ರೆ ನನಗೆ ಮರೆವು ಬಂದಿಲ್ಲ" ಎಂದಳು. ಹೇಳುವಾಗ ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಬಂದಂತಾಯಿತು. ಹಲ್ಲಕ್ಕ ಆ ಬೆಳಕನ್ನೇ ಕ್ಷಮೆ ಎಂದುಕೊಂಡು ಕೈ ಚಾಚಿದಳು.

ದೊಡ್ಡಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಎಂಟು ದಿನ. ಎಂಟು ದಿನ ನಾನು ಒಲೆ ಮುಂದೆ ನಿಂತು, ಬೆಂಕಿ ಹಚ್ಚಿದ್ದು ನಾನೇನಾ ಅಂತ ನನ್ನನ್ನೇ ಕೇಳ್ಕೊಂಡಿದೀನಿ. ಎದ್ದು ಹೋಗಮ್ಮ. ಇನ್ನೊಂದು ಮಾತು ಆಡ್ಬೇಡ, ಹೋಗು."

ಅಲ್ಲಿಂದ ನೇರ ಟಯರ್ ಅಂಗಡಿಯ ಮಹಡಿಗೇ ನಡೆದಳು. ಮನೆಗೆ ಹೋದರೆ ಮನಸ್ಸು ಬದಲಾಗುತ್ತದೆ ಎಂದು ಅವಳಿಗೆ ತನ್ನ ಬಗ್ಗೆಯೇ ಗೊತ್ತಿತ್ತು. ಯಜಮಾನರು ಪಾಲಿಶ್ ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು, ಪೂರ್ತಿ ಕೇಳಿದರು. ಕೂಗಾಡಲಿಲ್ಲ. ಆ ಮನುಷ್ಯ ಕೂಗಾಡದೇ ಇದ್ದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಅರ್ಜಿ ಹರಿದು ಹಾಕ್ತೀನಿ. ನಿಮ್ಮ ಸ್ವಂತ ರಜೆ ಹಾಕ್ಕೊಳ್ಳಿ" ಅಂದರು. "ಕೈ ಸರಿಹೋದ್ರೆ ಬನ್ನಿ. ನಿಮ್ಮಂಥ ಕೈ ನನಗೆ ಬೇರೆ ಸಿಗಲ್ಲ. ಮಾತು ನಂಬೋದು ಮಾತ್ರ… ಅದು ನೋಡೋಣ." ಆಮೇಲೆ ಕೋಟು ಹಾಕಿಕೊಂಡು, "ಆ ಮುದುಕಿಗೆ ನಾನೇನೇನೆಲ್ಲ ಅಂದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಅವಳಿಗಿಂತ ಮೊದಲೇ ಮೆಟ್ಟಿಲಿಳಿದು ಹೋದರು.

ಗಂಡ ಬರುವ ಹೊತ್ತಿಗೆ ಹಲ್ಲಕ್ಕ ಅಡುಗೆಮನೆಯಲ್ಲಿ ಒಂದೇ ಕೈಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಅವನು ಬೂಟು ಬಿಚ್ಚುವುದರೊಳಗೆ ಹೇಳಿ ಮುಗಿಸಿದಳು. ಅವನು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಮಗು?" ಎಂದ. "ಮಗೂನ ಒಬ್ಳೇ ಬಿಟ್ಟು ಹೋಗಿದ್ಯಾ? ಹೊರಗಿಂದ ಬೀಗ ಹಾಕ್ಕೊಂಡು?"

ಕೈ, ಸೈಕಲ್ಲು, ಸುಳ್ಳು, ಯಾವುದನ್ನೂ ಅವನು ಕೇಳಲಿಲ್ಲ. ಕೇಳಿದ್ದು ಅದೊಂದೇ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಮಗಳ ದನಿ ಬಂತು.

"ನಾನು ಎದ್ದೇ ಇದ್ದೆ ಅಪ್ಪ. ಬೀಗ ಹಾಕಿದ ಸದ್ದಿಗೇ ಎಚ್ಚರ ಆಯ್ತು. ಕಿಟಕಿಯಿಂದ ನೋಡ್ದೆ, ಅಮ್ಮ ಸೈಕಲ್ ತಗೊಂಡು ಹೋಗ್ತಿತ್ತು." ಆಮೇಲೆ ಸೇರಿಸಿದಳು: "ಹಾಲಿಗೆ ಅಂತ ಅಂದಾಗ ನನಗೆ ನಾಚಿಕೆ ಆಯ್ತು. ಅದಕ್ಕೇ ಹೇಳ್ಲಿಲ್ಲ."

ಆ ವಾರವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಬಸ್ಸಿಗೆ ಹೊತ್ತಾಯ್ತು. ಗಂಡ ಸೈಕಲ್ಲನ್ನು ಮಾರಲಿಲ್ಲ, ಮುರಿಯಲೂ ಇಲ್ಲ. ಕೆಸರು ಒರೆಸಿ, ಹಿಂದಿನ ಶೆಡ್ಡಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟ. "ನೀನೇ ಇಟ್ಕೋ. ನಾನು ನಿನ್ನ ಕಾವಲುಗಾರ ಅಲ್ಲ" ಅಂದ. ಅವಳು ಅತ್ತದ್ದು ಆಗ.

ದೊಡ್ಡಮ್ಮ ಕೆಲಸಕ್ಕೆ ವಾಪಸ್ ಬಂದಳು. ಯಜಮಾನರು ಎರಡು ಸಲ ಅವಳ ಬಾಗಿಲಿಗೆ ಹೋಗಬೇಕಾಯಿತು. ಬೆಳಗ್ಗೆ ಬರುವುದಿಲ್ಲ, ಸಂಜೆ ಎಲ್ಲರೂ ಹೋದ ಮೇಲೆ ಬರುತ್ತೇನೆ, ಆ ಹುಡುಗಿಯ ಮುಖ ನೋಡುವ ಹಾಗಾಗಬಾರದು ಎಂದಳಂತೆ. ನಲವತ್ತೊಂದರ ಹಲ್ಲಕ್ಕ ಅವಳ ಬಾಯಲ್ಲಿ ಇನ್ನೂ ಹುಡುಗಿಯೇ. ಪ್ಲಾಸ್ಟರ್ ಬಿಚ್ಚಿ, ಹನ್ನೊಂದನೆಯ ವಾರ ಮೇಜಿಗೆ ಮರಳಿದ ಹಲ್ಲಕ್ಕನಿಗೆ ಕೈ ಮೊದಲಿನ ಹಾಗೆ ಬಗ್ಗುತ್ತಿರಲಿಲ್ಲ. ಮುಂಚೆ ಒಂದು ಗಂಟೆಗೆ ಆಗುತ್ತಿದ್ದ ಕೆಲಸಕ್ಕೆ ಈಗ ಎರಡು ಗಂಟೆ. ಪಕ್ಕದ ಮೇಜಿನವಳು ಮೊದಲಿನಂತೆ ನಗಿಸುವುದನ್ನು ಬಿಟ್ಟಿದ್ದಳು. ಸಂಜೆ ಕೋಟು ಹಾಕಿಕೊಳ್ಳುವಾಗ ಹಲ್ಲಕ್ಕ ಎಷ್ಟೋ ಸಲ ನಿಂತುಬಿಡುತ್ತಿದ್ದಳು, ಇನ್ನರ್ಧ ಗಂಟೆ ಕಾದರೆ ದೊಡ್ಡಮ್ಮ ಸಿಗುತ್ತಾಳೆ ಎಂದು. ಕಾಯುತ್ತಿರಲಿಲ್ಲ. ಅವಳು ಕೇಳಿಕೊಂಡದ್ದು ಅದೊಂದನ್ನೇ ಅಲ್ಲವೇ, ಅಷ್ಟಾದರೂ ನಡೆಸಿಕೊಡೋಣ ಎಂದು ಹೊರಟುಬಿಡುತ್ತಿದ್ದಳು.

ಚಳಿ ಸ್ವಲ್ಪ ಮುರಿದ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಹೇಳಿದಳು: "ಒಂದು ಗಂಟೆ ಸೈಕಲ್ಲಲ್ಲಿ ಹೋಗಿ ಬರ್ಲಾ ಅಂತ."

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. "ಯಾವ ಕಡೆ?"

"ಕೆರೆ ಸುತ್ತ. ಮಟ್ಟದ ದಾರಿ. ಗುಡ್ಡಕ್ಕೆ ಹೋಗಲ್ಲ."

"ಹೂಂ."

ಅರ್ಧ ಸುತ್ತು ಹಾಕುವಷ್ಟರಲ್ಲಿ ಮಣಿಕಟ್ಟು ಉರಿಯತೊಡಗಿತು. ಗಾಳಿಗೆ ಕಣ್ಣಲ್ಲಿ ನೀರು. ದಾರಿಯ ಎಡಕ್ಕೆ ಗುಡ್ಡದ ಕಡೆಗೊಂದು ಕವಲು ಏರಿ ಹೋಗುತ್ತಿತ್ತು. ಅದರ ಬಾಯಲ್ಲಿ ಕಾಲೂರಿ ನಿಂತು ನೋಡಿದಳು. ಕಾಲಿಗೆ ಶಕ್ತಿಯಿತ್ತು, ಎದೆಗೂ ಆಸೆಯಿತ್ತು. ಸೈಕಲ್ ತಿರುಗಿಸಿಕೊಂಡು ಮನೆಗೆ ಬಂದಳು.

ಬಾಗಿಲು ತೆಗೆದದ್ದು ಮಗಳು. ಒಳಗೆ ಬಿಡುವ ಮೊದಲು ಅವಳು ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸುತ್ತ ಬಂದು ಬೆನ್ನನ್ನೂ ನೋಡಿದಳು.

"ಬಿದ್ಯಾ?"

"ಇಲ್ಲ ಮಗಳೇ."

"ನಿಜವಾಗ್ಲೂ?"

"ನಿಜವಾಗ್ಲೂ."

"ಅಂಗಿ ತೋಳು ಮೇಲೆ ಮಾಡು, ನೋಡ್ತೀನಿ" ಎಂದಳು ಮಗಳು. ಹಲ್ಲಕ್ಕ ಹೊಸ್ತಿಲ ಹೊರಗೇ ನಿಂತು, ಎರಡೂ ತೋಳು ಮೇಲಕ್ಕೆ ಸರಿಸಿ, ಕೈ ಮುಂದೆ ಚಾಚಿದಳು.