ಹೆಂಗಸರ ಆಸನಕ್ಕೆ ಸಿಕ್ಕ ಹೆಂಗಸು

ಹೆಂಗಸರ ಯೋಗಾಸನದ ಪುಸ್ತಕದಲ್ಲಿ ನನ್ನ ಫೋಟೊ ಇರುವುದಿಲ್ಲ. ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುವ ವಾಮನರಾಯರದು ಇರುತ್ತದೆ. ಇದನ್ನು ಇಂದು ಊಟದ ಹೊತ್ತಿಗೆ ತಿಳಿಸಿದವರು ಪುಸ್ತಕ ಬರೆದ ನನ್ನ ಯಜಮಾನರು. ಗೆಳತಿಯರೇ, ಸದಾಶಿವ ಪೇಟೆಯ ನಮ್ಮ ವಾಡೆಯಲ್ಲಿ ಹೆಂಗಸರಿಗೆ ಆಸನ ಕಲಿಸುವವಳು ನಾನು. ಅವರು ಬರೆದದ್ದೆಲ್ಲ ನನ್ನನ್ನು ನೋಡಿಯೇ.

“ಮನಿ ಹೆಣ್ಮಗಳ ಫೋಟೊ ಅಂಗಡ್ಯಾಗ ಮಾರಲಿಕ್ಕೆ ಇಡೋದು ಬ್ಯಾಡ,” ಎಂದರು.

“ಹಂಗಾದ್ರ ನೀವ ಕೂಡ್ರಿ.”

“ನನಗ ಮೀಸಿ ಅದ. ಹೆಂಗಸರ ಪುಸ್ತಕದಾಗ ಹೆಂಗಸು ಕಾಣಬೇಕಲ್ಲ?”

ಮಧ್ಯಾಹ್ನ ವಾಮನರಾಯರು ಆಸನ ಕಲಿಯಲು ಮನೆಗೇ ಬಂದರು. ಹುಬ್ಬಳ್ಳಿ ಕಡೆಯ ಸಭ್ಯ ಮನುಷ್ಯ. ಕಚ್ಚೆ ಸೀರೆ ಉಡುವುದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಕಾಲು ಚಾಚಿ ಬಗ್ಗಿದರೆ ಮಾತ್ರ ಕೈ ಮೊಳಕಾಲು ದಾಟುವುದಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಟ್ಟೆ.

“ವೈನಿ, ಮುಖ ಸಹಜ ಇರಬೇಕು, ಆರಾಮ ಕಾಣಬೇಕು ಅಂತ ಫೋಟೊದವರು ಹೇಳ್ಯಾರ್ರಿ. ಹಿಂಗ ನಗಲೇನ್ರಿ?” ಎಂದು ಅವರು ಸೆರಗಿನ ತುದಿ ಕಚ್ಚಿ, ರಂಗದ ಮೇಲಿನ ನಾಚಿಕೆಯನ್ನು ತೋರಿಸಿದರು.

“ಆಸನ ಹಾಕೋ ಮುಂದ ನಾವ್ಯಾರೂ ನಾಚ್ಕೊಳ್ಳಂಗಿಲ್ರಿ,” ಎಂದೆ.

“ಇರ್ಲಿ ಬಿಡು,” ಎಂದರು ಯಜಮಾನರು. “ಭಾಳ ಸಹಜ ಕಾಣತದ.”

ಹೋಗುವಾಗ ನನ್ನ ಇಳಕಲ್ ಸೀರೆ ಮತ್ತು ನತ್ತು ವಾಮನರಾಯರ ಚೀಲ ಸೇರಿದವು. ಫೋಟೊ ತೆಗೆಯುವುದು ನಾಳೆ ಬೆಳಿಗ್ಗೆ ಎಂಟಕ್ಕೆ.