ನಾಲ್ಕು ಮಡಿಕೆಯ ಅರಿವೆ

ಇವತ್ತು ಮಾಡಿದ ಕೆಲಸ: ಜೋಳ ಹಸನು ಮಾಡಿದೆ. ಯಜಮಾನರ ಎರಡು ಅಂಗಿಗಳಿಗೆ ಗುಂಡಿ ಹಚ್ಚಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಕುಡಿಯುವ ನೀರಿನ ಕೊಡದ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿ ಒಗೆದು, ಬೇರೆಯದನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದೆ. ನಲ್ಲಿಯ ನೀರನ್ನೂ ಸೋಸುತ್ತಾಳೆಂದು ಮನೆಯಲ್ಲಿ ನಗುತ್ತಾರೆ. ನಗಲಿ. ಬಿಚ್ಚಿದ ಅರಿವೆಯಿಂದ ಹಸಿ ಹತ್ತಿಯ, ಸ್ವಲ್ಪ ಪಾಚಿಯ ವಾಸನೆ ಬಂತು. ಆ ವಾಸನೆಯ ಹಿಂದೆ ಒಂದು ಮೆಟ್ಟಿಲುಬಾವಿ, ಬಾವಿಯ ಹಿಂದೆ ಆಯಿ...

ಆಗಿನ್ನೂ ಆ ಸೀಮೆಯಲ್ಲಿ ನಿಜಾಮರ ಆಳ್ವಿಕೆ. ನಾನು ಧಾರವಾಡದಲ್ಲಿ ಆರು ತಿಂಗಳ ಸೇವಿಕೆಯ ತರಬೇತಿ ಮುಗಿಸಿದ್ದೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ನಾರುಹುಣ್ಣಿನ ಹುಳ ಕುಡಿಯುವ ನೀರಿನಿಂದ ಮೈಗೆ, ಹುಣ್ಣೆದ್ದ ಕಾಲು ನೀರಿಗಿಳಿದಾಗ ಮೈಯಿಂದ ಮತ್ತೆ ನೀರಿಗೆ ಹೇಗೆ ಸೇರುತ್ತದೆಂದು ಚಿತ್ರ ಬರೆದು ತೋರಿಸುವುದು, ಇಷ್ಟು ಕಲಿಸಿ ಸಂಬಳವಿಲ್ಲದ ಕೆಲಸಕ್ಕೆ ಗಡಿಯಾಚೆ ಕಳಿಸಿದರು. ತಾಂಡೂರು ದಾಟಿ, ಮುಂದೆ ಗಾಡಿ ಬದಲಿಸಿ ಜಹೀರಾಬಾದಿನಲ್ಲಿ ಇಳಿದಾಗ ಕೈಯಲ್ಲಿದ್ದ ಪರವಾನಗಿ ನನಗೇ ಓದಲು ಬರಲಿಲ್ಲ, ಅದು ಉರ್ದುವಿನಲ್ಲಿತ್ತು. ಅಲ್ಲಿಂದ ನಾರಾಯಣಖೇಡ, ಆಮೇಲೆ ಮನೂರಿನ ಹತ್ತಿರದ ಹಳ್ಳಿಗೆ ಎತ್ತಿನ ಗಾಡಿ. ಮಾತು ಕನ್ನಡವೇ. ಆದರೂ ಪರದೇಶ ಪರದೇಶವೇ.

ನನ್ನನ್ನು ಇಟ್ಟುಕೊಂಡವಳು ಆಯಿ. ಊರಿಗೆಲ್ಲ ಆಯಿ. ಹೊರಗಿನ ಪಡಸಾಲೆಯಲ್ಲಿ ನನಗೊಂದು ಕೌದಿ ಹಾಸಿಕೊಟ್ಟಳು. ಮೊದಲ ತಿಂಗಳಲ್ಲಿ ನನಗೆ ನೆನಪಿರುವುದು ದಣಿವೊಂದೇ. ನಸುಕಿಗೆ ಆಕೆಯ ಜೊತೆ ಬೀಸುಕಲ್ಲಿಗೆ ಕೂಡಬೇಕು, ಹೊತ್ತೇರಿದ ಮೇಲೆ ಚಿತ್ರದ ಹಾಳೆ ಹಿಡಿದು ಬಾವಿಕಟ್ಟೆಗೆ ಹೋಗಬೇಕು. ಕೊಡ ಹೊತ್ತ ಹೆಂಗಸರು ನಿಲ್ಲುತ್ತಲೇ ಇರಲಿಲ್ಲ.

"ನೀರು ಕುಡಿಯೂದು ಕಲಸಾಕ ಧಾರವಾಡದಿಂದ ಬಂದಾಳ ನೋಡಬೇ. ಉಣ್ಣೂದು ಕಲಸಾಕ ಇನ್ಯಾರು ಬರ್ತಾರೋ."

"ಸುಮ್ಕಿರ್ರಿ, ನಮ್ಮನಿ ಹುಡುಗಿ ಆಕಿ," ಎನ್ನುತ್ತಿದ್ದಳು ಆಯಿ.

ನನಗೆ ಅಚ್ಚರಿಯಾದದ್ದು, ಆಯಿ ನೀರು ಸೋಸುತ್ತಿದ್ದಳು. ಕುಡಿಯುವುದಕ್ಕಲ್ಲ, ಲಿಂಗಪೂಜೆಗೆ. ದೀಕ್ಷೆಯಾದಂದಿನಿಂದ ಪೂಜೆಯ ನೀರನ್ನು ತಾನೇ ತುಂಬಬೇಕೆಂಬುದು ಆಕೆಯ ನೇಮ. ಬೇಸಿಗೆಯಲ್ಲಿ ತಳಕ್ಕಿಳಿದ ನೀರಿನೊಳಗೆ ಮೊಣಕಾಲವರೆಗೆ ನಿಂತು, ತಾಮ್ರದ ತಂಬಿಗೆಯ ಬಾಯಿಗೆ ನಾಲ್ಕು ಮಡಿಕೆಯ ಬಿಳಿ ಅರಿವೆ ಹಿಡಿದು ತುಂಬುತ್ತಿದ್ದಳು. ಆಮೇಲೆ ಅರಿವೆಯನ್ನು ತಿರುವಿ ಹಿಡಿದು ಬಾವಿಯ ನೀರಿನಲ್ಲೇ ಮೆಲ್ಲಗೆ ಜಾಲಿಸುತ್ತಿದ್ದಳು. ಕೇಳಿದರೆ, "ಕಣ್ಣಿಗಿ ಕಾಣಲಿಲ್ಲಂದ್ರ ಏನಾತು, ಅದೂ ಜೀವ ಅಲ್ಲೇನು? ಅದರ ಮನ್ಯಾಗ ಅದನ್ನ ಬಿಡಬೇಕು," ಎಂದಳು. ಪೂಜೆಯಾಗದೆ ಆಕೆ ತುತ್ತು ಮುಟ್ಟುತ್ತಿರಲಿಲ್ಲ.

ಅದೇ ಬೇಸಿಗೆ ಆಯಿಯ ಕಾಲಲ್ಲಿ ನಾರುಹುಣ್ಣು ಎದ್ದಿತು. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದೆ. ಆ ಕಾಲಿನಲ್ಲೇ ಆಕೆ ಬಾವಿಗೆ ಇಳಿಯುತ್ತಿದ್ದಳು. ಎರಡು ಸಲ ಮೆಲ್ಲಗೆ ಹೇಳಿದೆ. ತಣ್ಣೀರಿನಲ್ಲಿ ಉರಿ ಕಡಿಮೆಯಾಗುತ್ತದೆಂದು ನಕ್ಕಳು. ಮೂರನೆಯ ದಿನ ನನಗೆ ಜ್ವರ, ಹೆಂಗಸರ ಕುಚೋದ್ಯ ಬೇರೆ. ಎಲ್ಲರೆದುರು ಬಾವಿಕಟ್ಟೆಯ ಮೇಲೆ ನಿಂತು ಕೂಗಿಬಿಟ್ಟೆ:

"ಈ ಬಾವಿಗೆ ಹುಳ ಬಿಡಾಕ್ಹತ್ತಿದಾಕಿ ನೀನ ಆಯಿ. ನಿನ್ನ ಪೂಜಿಯಿಂದ ಊರ ಕಾಲು ಕೊಳೀತಾವ."

ಅಲ್ಲಿಯವರೆಗೆ 'ರೀ' ಬಿಟ್ಟು ಆಕೆಯನ್ನು ಮಾತಾಡಿಸಿದವಳಲ್ಲ. ಆಯಿ ತಂಬಿಗೆ ಬರಿದು ಮಾಡಿ, ಒಂದೊಂದೇ ಮೆಟ್ಟಿಲು ಹಿಡಿದು ಮೇಲೆ ಬಂದಳು. ಯಾರೂ ನಗಲಿಲ್ಲ.

ದಿನದ ಕೆಲಸ, ಉಂಡದ್ದು, ಮಲಗಿದ್ದು ಎಲ್ಲ ಬರೆದಿಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಆ ದಿನದ ಹಾಳೆಯಲ್ಲಿ ಬರೆದೆ: ಆಯಿ ಉಣ್ಣಲಿಲ್ಲ. ಮರುದಿನವೂ ಅದೇ. ನನಗೆ ಮಾತ್ರ ರೊಟ್ಟಿ ಬಡಿದು, ಬೇಳೆ ಕುದಿಸಿ ಬಡಿಸಿದಳು. "ನೀ ಉಣ್ಣವ್ವ. ನೀ ಹೇಳಿದ್ದು ಖರೇನೇ ಅದ." ನಾನು ಉಂಡೆ. ಮೊದಲು ಮಲಗಿದವಳೂ ನಾನೇ.

ಮೂರನೆಯ ಬೆಳಿಗ್ಗೆ ತಂಬಿಗೆ, ಅರಿವೆ ತಂದು ನನ್ನ ಮುಂದಿಟ್ಟಳು.

"ಬಾವಿ ಚಿಂತಿ ನಿನಗದ. ನೀನೇ ತಾ."

"ನಾ ಲಿಂಗ ಕಟ್ಟಿದಾಕಿ ಅಲ್ಲರಿ ಆಯಿ."

"ನಾ ಕೇಳಿದ್ನೇನು?" ಎಂದು ಅರಿವೆಯ ಮಡಿಕೆ ಸರಿಮಾಡಿದಳು. "ಅರಿವ್ಯಾಗಿನ ಜೀವ ಎಲ್ಲಿ ಬಿಡ್ತಿ?"

ಸೋಸಿದ ಅರಿವೆಯನ್ನು ಬಿಸಿಲಿಗೆ ಹರಡಿ ಹುಳ ಸಾಯಿಸಬೇಕೆಂದು ನಮಗೆ ಕಲಿಸಿದ್ದರು. ಅದನ್ನು ಆಕೆಯ ಮುಖ ನೋಡಿ ಹೇಳಲಾಗಲಿಲ್ಲ.

"ಹಳ್ಳದ ಗುಂಡ್ಯಾಗ ಬಿಡ್ತೀನ್ರಿ," ಎಂದೆ.

ಆ ಬೇಸಿಗೆ ಹಳ್ಳದಲ್ಲಿ ಒಂದು ಗುಟುಕು ನೀರಿರಲಿಲ್ಲ. ಆಕೆಗೂ ಅದು ಗೊತ್ತಿತ್ತು. ಆದರೂ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

ಆಯಿಯೇ ಬಾವಿಗೆ ಇಳಿಯುವುದನ್ನು ಬಿಟ್ಟಳೆಂದ ಮೇಲೆ ಉಳಿದ ಹುಣ್ಣುಗಾಲಿನವರೂ ಕಟ್ಟೆಯ ಮೇಲೆ ಕೂತು ಬೇರೆಯವರ ಕೈಯಿಂದ ನೀರು ತರಿಸಿಕೊಂಡರು. ಮಳೆಗಾಲದ ಹೊತ್ತಿಗೆ ಊರಿನ ಅರ್ಧ ಕೊಡಗಳ ಬಾಯಿಗೆ ಅರಿವೆ ಬಂತು. ನನ್ನ ವರದಿ ನೋಡಿ ಧಾರವಾಡದವರು ಮೆಚ್ಚಿ ಕಾಗದ ಬರೆದರು. ಆಯಿಯ ನೇಮದ ಮಾತು ಆ ವರದಿಯಲ್ಲಿ ಇರಲಿಲ್ಲ...

ಮುಂದೆ ಗಲಾಟೆಯ ದಿನಗಳು ಬಂದು ನಮ್ಮನ್ನೆಲ್ಲ ಹಿಂದಕ್ಕೆ ಕರೆಸಿಕೊಂಡರು. ಬಾವಿಕಟ್ಟೆಯ ಮೇಲೆ ಆಡಿದ ಮಾತು ತಪ್ಪಾಯಿತೆಂದು ಹೊರಟ ದಿನ ಹೇಳಬೇಕೆಂದುಕೊಂಡಿದ್ದೆ. ಗಾಡಿಯವನು ಅವಸರ ಮಾಡಿದ, ಆಯಿ ರೊಟ್ಟಿಯ ಗಂಟು ಕೊಟ್ಟು "ಹುಷಾರಿಂದ ಹೋಗವ್ವ" ಎಂದಳು, ಅಷ್ಟರಲ್ಲಿ ಹೊತ್ತು ಮುಗಿಯಿತು. ಎರಡು ವರ್ಷದ ಮೇಲೆ ಆ ಕಡೆಯವರೊಬ್ಬರು ಆಕೆ ತೀರಿಕೊಂಡ ಸುದ್ದಿ ತಂದರು. ಕೊನೆಯವರೆಗೂ ಪೂಜೆಯ ನೀರನ್ನು ಬೇರೆಯವರ ಕೈಯಿಂದಲೇ ತರಿಸುತ್ತಿದ್ದಳಂತೆ. ಕಾಲು ಯಾವಾಗಲೋ ವಾಸಿಯಾಗಿತ್ತಂತೆ.

ಇವತ್ತು ಒಗೆದ ಅರಿವೆ ಸಂಜೆಯೊಳಗೆ ಗರಿಗರಿಯಾಗಿ ಒಣಗಿತು. ಮಡಿಚಿ ಇಟ್ಟೆ. ಉಂಡದ್ದು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಯಜಮಾನರು ಮೊದಲು ಮಲಗಿದರು.