ಕೈ ಬಿಡಿ, ಕಂಬಿ ಹಿಡೀರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಳಸದಾಚೆಯ ಎಸ್ಟೇಟೊಂದರ ಕೂಲಿ ಲೈನಿನ ಮನೆಗಳ ಮುಂದೆ ಪಿಕಪ್ ನಿಂತಿದೆ. ಕಾಫಿ ಕೊಯ್ಲಿಗೆ ಹೊರಟ ಹೆಂಗಸರು ಹಿಂದೆ ಹತ್ತಿ ಕೂತಾಗಿದೆ. ಡ್ರೈವರ್ ಗುರುವಯ್ಯ ಮಾತ್ರ ಸ್ಟೇರಿಂಗ್ ಹತ್ತಿರ ಹೋಗದೆ ಹಿಂಬದಿಯಲ್ಲೇ ನಿಂತು ಒಬ್ಬೊಬ್ಬರ ಕೈ ನೋಡುತ್ತಿದ್ದಾರೆ.

"ಕೈ ಬಿಡ್ರವ್ವ, ಕಂಬಿ ಹಿಡ್ಕಳಿ."

"ನಿಮ್ಮ ಕಂಬಿ ಮಂಜಿನಂಗೆ ತಣ್ಣಗಿದೆ ಗುರುವಣ್ಣ, ಇವಳ ಕೈ ಬೆಚ್ಚಗಿದೆ" ಎನ್ನುತ್ತಾಳೆ ಒಬ್ಬಳು. ಎಲ್ಲರೂ ನಗುತ್ತಾರೆ. ಗುರುವಯ್ಯ ನಗುವುದಿಲ್ಲ. ಕಡೆಯ ಕೈ ಕಂಬಿಗೆ ಬರುವ ತನಕ ಗಾಡಿ ಹೊರಡುವುದಿಲ್ಲ.

ಈ ಹೆಂಗಸರ ಅಭ್ಯಾಸವೂ ಸುಮ್ಮನೆ ಬಂದದ್ದಲ್ಲ. ಜಾರುವ ತೋಟದ ಇಳಿಜಾರಿನಲ್ಲಿ ಒಬ್ಬಳ ಕಾಲು ಜಾರಿದರೆ, ನೆಲಕ್ಕೆ ಕಾಲೂರಿ ನಿಂತ ಇನ್ನೊಬ್ಬಳ ಕೈ ಉಳಿಸುತ್ತದೆ. ಅದೇ ನಂಬಿಕೆಯನ್ನು ಗಾಡಿಗೂ ಹತ್ತಿಸಿಕೊಂಡು, ತಿರುವು ಬಂದರೆ ತೋಳಿಗೆ ತೋಳು ಹೆಣೆದು ಕೂರುತ್ತಾರೆ. ಕೆಟ್ಟದ್ದಾದದ್ದು ಅದರಿಂದಲೇ.

ಹೋದ ವರ್ಷದ ಕೊಯ್ಲಿನಲ್ಲಿ ಇಳಿಜಾರಿನ ತಿರುವಿಗೆ ಹಸುವೊಂದು ಅಡ್ಡ ಬಂತು. ಗುರುವಯ್ಯ ಬ್ರೇಕ್ ಒತ್ತಿದರು. ಗಾಡಿ ನಿಂತಿತು, ಹಿಂದಿದ್ದವರು ನಿಲ್ಲಲಿಲ್ಲ. ಹಿಂದೆ ಕ್ಯಾಬಿನ್ನಿನ ಪಕ್ಕ ಕೂತಿದ್ದವರು ಗುರುವಯ್ಯನ ಹೆಂಡತಿ ರಾಮಮ್ಮ. ತೋಳು ಹೆಣೆದಿದ್ದ ಪಕ್ಕದ ಮನೆಯ ವಸಂತಮ್ಮ ಅವರ ಮೇಲೆಯೇ ಬಿದ್ದರು. ರಾಮಮ್ಮನ ಸೊಂಟ ಮುರಿಯಿತು. ಈಗ ಕೋಲೂರಿ ಒಲೆಯಿಂದ ಬಾಗಿಲ ತನಕ ಬಂದರೆ ಅದೇ ದೊಡ್ಡದು.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? 'ಹಸ ಉಳಿಸೋಕೆ ಹೋಗಿ ಹೆಂಡ್ತಿ ಸೊಂಟ ಮುರ್ದ' ಎಂದು ಟೀ ಅಂಗಡಿಯಲ್ಲಿ ಇಂದಿಗೂ ಆಡಿಕೊಳ್ಳುತ್ತಾರೆ. ಕೇಳಿ ನನಗೇ ಸಿಟ್ಟು ಬಂತು. ಅತ್ತ ವಸಂತಮ್ಮ, "ನಾನೇ ಅವಳನ್ನ ಎಳ್ಕಂಡ್ ಬಿದ್ದೆ" ಎಂದು ತಿಂಗಳುಗಟ್ಟಲೆ ಅತ್ತಿದ್ದಾರೆ.

ಕೊನೆಗೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಜಯಪ್ರಕಾಶ್, ಗುರುವಯ್ಯ ಮತ್ತು ವಸಂತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರಂತೆ: "ಬ್ರೇಕ್ ಬಿದ್ದಿದ್ದು ಚಕ್ರಕ್ಕೆ, ಮೈಗಲ್ಲ. ಹೋಗ್ತಿದ್ದ ಮೈ ಹೋಗ್ತಾನೇ ಇರತ್ತೆ, ಅದೇ ಜಡತ್ವ. ವಸಂತಮ್ಮ, ನೀವು ರಾಮಮ್ಮನ್ನ ಎಷ್ಟು ಎಳೆದ್ರೋ ಅವ್ರೂ ನಿಮ್ಮನ್ನ ಅಷ್ಟೇ ಎಳೆದಿರ್ತಾರೆ. ಇಬ್ರೂ ಮುಂದಕ್ಕೆ ಹೋಗ್ತಿರುವಾಗ ಯಾರು ಯಾರನ್ನ ನಿಲ್ಸೋದು? ನಿಲ್ಸೋದಿದ್ರೆ ಗಾಡಿಯ ಕಂಬಿ ನಿಲ್ಸಬೇಕು."

ವಸಂತಮ್ಮನ ಅಳು ಅಂದಿಗೆ ನಿಂತಿತು. ಗುರುವಯ್ಯನಿಗೆ ಆ ಪಾಠ ಸಾಲಲಿಲ್ಲ. "ಮೇಷ್ಟ್ರು ಹೇಳಿದ್ದು ಅರ್ಥ ಆಯ್ತು. ಆದ್ರೆ ಬ್ರೇಕ್ ಮೇಲಿದ್ದಿದ್ದು ನನ್ನ ಕಾಲು" ಎನ್ನುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ರಾಮಮ್ಮ ಯಾವ ಗಾಡಿಯನ್ನೂ ಹತ್ತಿಲ್ಲ. ತೋರಿಸಿಕೊಳ್ಳಲು ಮತ್ತೆ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರೂ ಹೋಗಿಲ್ಲ. ಹೋಗದಿದ್ದರೆ ಈ ಕೋಲೂ ಉಳಿಯದೆ ಹಾಸಿಗೆಯೇ ಗತಿಯಾದೀತು ಎಂಬುದು ಗುರುವಯ್ಯನ ಭಯ. ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ನಿಧಾನಕ್ಕೆ ಕರೆದೊಯ್ಯುತ್ತೇನೆ ಎಂದರೂ ಒಪ್ಪುತ್ತಿಲ್ಲ.

"ಅವ್ರ ಮೇಲೆ ಸಿಟ್ಟಿಲ್ಲ" ಎನ್ನುತ್ತಾರೆ ರಾಮಮ್ಮ. "ಗಾಡಿ ಶಬ್ದ ಕೇಳಿದ್ರೆ ಸಾಕು, ಒಲೆ ಮುಂದೆ ಕೂತಿದ್ರೂ ಕೈ ತಾನಾಗೇ ಏನಾದ್ರೂ ಹಿಡ್ಕಳತ್ತೆ."

ಹೆಂಗಸರನ್ನು ತೋಟದಲ್ಲಿ ಇಳಿಸಿದ ಗುರುವಯ್ಯನನ್ನು, ನಿಮಗೇನು ಆಸೆ ಎಂದು ಕೇಳುತ್ತೇನೆ. ಗಾಡಿಯ ಹಿಂಬಾಗಿಲು ಎತ್ತಿ ಚಿಲಕ ಹಾಕುತ್ತಾರೆ.

"ದಿನಾ ಇಷ್ಟು ಜನ ನನ್ನ ನಂಬಿ ಹತ್ತುತಾರೆ. ಅವಳೊಬ್ಳು ಹತ್ತಿದ್ರೆ ಸಾಕಿತ್ತು."